ಎರಡನೇ ಬ್ರೇಕು

"ಕಣ್ಣು ಬಿಡ್ರೀ! ಅಯ್ಯೋ ದೇವರೇ, ಮೊದಲು ಕಣ್ಣು ಬಿಡ್ರೀ!"

ಪಕ್ಕದ ಸೀಟಿನಿಂದ ಬಂದ ಕೂಗು ಅವಳಿಗೆ ಕೇಳಿಸಿತು. ಆದರೆ ಕಣ್ಣು ಬಿಡುವ ಧೈರ್ಯ ಎಲ್ಲಿಂದ ತರುವುದು? ಎದುರಿನಿಂದ ಲಾರಿಯೊಂದು ಬರುತ್ತಿರುವುದನ್ನು ಅವಳು ನೋಡಿದ್ದಳು. ನೋಡಿದ ಕೂಡಲೇ ಕಣ್ಣು ತಾನಾಗಿಯೇ ಮುಚ್ಚಿಕೊಂಡಿತ್ತು. ಕೈ ಎರಡೂ ಸ್ಟೀರಿಂಗಿಗೆ ಅಂಟಿಕೊಂಡಿದ್ದವು. ಕಾಲು ಯಾವುದರ ಮೇಲಿದೆಯೋ ಅವಳಿಗೇ ಗೊತ್ತಿರಲಿಲ್ಲ.

ಕಾರು ಕಿರ್ರ್... ಎಂದು ಗಕ್ಕನೆ ನಿಂತಿತು.

ಲಾರಿ ಹಾರ್ನ್ ಹೊಡೆಯುತ್ತಾ ಪಕ್ಕದಲ್ಲೇ ಹಾದುಹೋಯಿತು. ಅದರ ಡ್ರೈವರ್ ಏನೋ ಬೈದಿದ್ದೂ ಕೇಳಿಸಿತು.

ಅವಳು ಒಂದೇ ಒಂದು ಕಣ್ಣನ್ನು ಸ್ವಲ್ಪ ತೆರೆದಳು.

"ಸತ್ವಾ?"

"ಇನ್ನೂ ಇಲ್ಲ," ಎಂದ ಅವನು, ಹಣೆಯ ಬೆವರು ಒರೆಸಿಕೊಳ್ಳುತ್ತಾ. "ಮೊದಲನೇ ದಿನಾನೇ ಕೊಲ್ಲೋಕೆ ನಾನೇನು ತಪ್ಪು ಮಾಡಿದ್ದೆ ನಿಮಗೆ?"

ಅಷ್ಟೇ! ಅವಳಿಗೆ ಅಳು ಬಂದುಬಿಟ್ಟಿತು. ಗುರುತು ಪರಿಚಯವಿಲ್ಲದ ಗಂಡಸಿನ ಮುಂದೆ, ನಡುರಸ್ತೆಯಲ್ಲಿ, ಸ್ಟೀರಿಂಗಿಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ತಲೆ ತಾಗಿ ಹಾರ್ನ್ ಬೇರೆ ಹೊಡೆದುಕೊಂಡಿತು.

ಪಾಪ, ಡ್ರೈವಿಂಗ್ ಮೇಷ್ಟ್ರು ಗಾಬರಿಯಾದ. "ಏನ್ರೀ ಇದು... ತಮಾಷೆಗೆ ಅಂದೆ. ಅಳಬೇಡಿ ಪ್ಲೀಸ್. ನೋಡೋರು ನನ್ನ ಏನಂದ್ಕೋತಾರೆ? ನೀವು ಏನು ಕೆಲಸ ಮಾಡೋದು?"

"ಕ... ಕಣ್ಣು ಪರೀಕ್ಷೆ," ಎಂದಳು ಮೂಗು ಸೀಟುತ್ತಾ. "ಕನ್ನಡಕದ ಅಂಗಡೀಲಿ."

ಅವನು ನಗು ತಡೆಯಲು ಕಿಟಕಿಯ ಕಡೆ ತಿರುಗಿದ. ತಡೆಯಲಾಗಲಿಲ್ಲ. "ಬೆಳಗಿಂದ ಸಂಜೆವರೆಗೂ ಊರೋರಿಗೆಲ್ಲ ಕಣ್ಣು ಬಿಡಿ ಅನ್ನೋರು ನೀವು. ಇಲ್ಲಿ ಬಂದು ಮುಚ್ಕೊಂಡ್ರೆ ಹೇಗೆ ಡಾಕ್ಟ್ರೇ?"

"ನಾನು ಡಾಕ್ಟ್ರಲ್ಲ."

"ಇರಲಿ ಬಿಡಿ ಡಾಕ್ಟ್ರೇ."

ಅವಳಿಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಅಳು ನಿಂತಿತು. ಆಗಲೇ ಒಂದು ಅನುಮಾನವೂ ಬಂತು. ತಾನಂತೂ ನಿಲ್ಲಿಸಿಲ್ಲ. ಹಾಗಾದರೆ ಈ ಕಾರು ನಿಂತಿದ್ದು ಹೇಗೆ?

ಅವನು ತನ್ನ ಕಾಲ ಬುಡಕ್ಕೆ ಬೆರಳು ತೋರಿಸಿದ. ಅಲ್ಲಿಯೂ ಒಂದು ಬ್ರೇಕಿತ್ತು! ಅವಳ ಕಡೆ ಇದ್ದ ಹಾಗೆಯೇ, ಅವನ ಕಡೆಗೂ ಒಂದು.

"ಇದು ಎರಡನೇ ಬ್ರೇಕು. ನೀವು ಏನೇ ಎಡವಟ್ಟು ಮಾಡಿದ್ರೂ ನಾನು ಇಲ್ಲಿಂದ ನಿಲ್ಲಿಸ್ತೀನಿ. ನಾನಿರೋವಾಗ ನಿಮಗೆ ಏನೂ ಆಗಲ್ಲ. ಆಯ್ತಾ?"

ನಿಜ ಹೇಳಬೇಕೆಂದರೆ ಅವಳಿಗೆ ಮೊದಲು ಪ್ರೀತಿ ಹುಟ್ಟಿದ್ದು ಆ ಬ್ರೇಕಿನ ಮೇಲೆ. ಅವನ ಸರದಿ ಬಂದಿದ್ದು ಆಮೇಲೆ.

*

ಇಷ್ಟು ಪುಕ್ಕಲು ಹುಡುಗಿ ಕಾರು ಕಲಿಯಲು ಯಾಕೆ ಹೊರಟಳು ಅಂತೀರಾ? ಅವಳಿಗೂ ಅದೇ ಪ್ರಶ್ನೆ.

ದೂರದ ದೊಡ್ಡ ಊರಿನಿಂದ ಅವಳಿಗೊಂದು ಫೋನ್ ಬಂದಿತ್ತು. ಅಲ್ಲಿಯ ಕಣ್ಣಾಸ್ಪತ್ರೆಯವರು ಹೊಸದಾಗಿ ಒಂದು ವ್ಯಾನು ಮಾಡಿಸಿದ್ದರು. ಶಾಲೆ ಶಾಲೆಗೂ ಹೋಗಿ, ಮಕ್ಕಳ ಕಣ್ಣು ಪರೀಕ್ಷಿಸುವ ವ್ಯಾನು. ಅವಳ ಅಂಗಡಿಗೆ ಲೆನ್ಸು ಕಳಿಸುವವರು ಅವಳ ಹೆಸರು ಹೇಳಿದ್ದರು. ಕೆಲಸ ಅವಳದೇ, ಆದರೆ ಒಂದು ಷರತ್ತು... ಆ ವ್ಯಾನನ್ನು ಅವಳೇ ಓಡಿಸಬೇಕು!

"ಮಕ್ಕಳೆಂದರೆ ನಿಮಗೆ ಇಷ್ಟ ಅಂತ ಕೇಳಿದೀನಿ," ಎಂದಿದ್ದರು ಫೋನಿನಲ್ಲಿ ಅಲ್ಲಿಯ ಮೇಡಂ. "ತಿಂಗಳ ಕೊನೆ ಒಳಗೆ ಹೂಂ ಅಥವಾ ಊಹೂಂ, ಏನೋ ಒಂದು ಹೇಳಿಬಿಡಿ."

ಇಷ್ಟ! ಎಷ್ಟು ಇಷ್ಟ ಎಂದರೆ, ಬೋರ್ಡು ಕಾಣಿಸದೆ ದಡ್ಡಿ ಅನ್ನಿಸಿಕೊಂಡಿದ್ದ ಹುಡುಗಿಯೊಬ್ಬಳು ಅವಳು ಕೊಟ್ಟ ಕನ್ನಡಕ ಹಾಕಿಕೊಂಡು, "ಅಕ್ಕಾ, ಮರದಲ್ಲಿ ಎಲೆಗಳು ಬಿಡಿ ಬಿಡಿಯಾಗಿ ಇವೆ!" ಎಂದು ಕೂಗಿದ ದಿನ ಅವಳು ಊಟ ಮಾಡುವುದನ್ನೇ ಮರೆತಿದ್ದಳು.

ಆದರೆ ಆ ಊರು... ಚಿಕ್ಕವಳಿದ್ದಾಗ ಅಂಥದೇ ಒಂದು ದೊಡ್ಡ ಊರಿನ ಬಸ್ ನಿಲ್ದಾಣದಲ್ಲಿ ಅಮ್ಮನ ಕೈ ಬಿಟ್ಟುಹೋಗಿತ್ತು. ಸುತ್ತಲೂ ಬರೀ ಕಾಲುಗಳು. ಒಂದೂ ಅಮ್ಮನದಲ್ಲ. ಕತ್ತಲಾಗುವ ಹೊತ್ತಿಗೆ ಅಮ್ಮ ಸಿಕ್ಕಿದ್ದಳು, ಆದರೆ ಆ ಭಯ ಮಾತ್ರ ಎಲ್ಲಿಗೂ ಹೋಗಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಅಕ್ಕನ ಸೆರಗು ಹಿಡಿದವಳು ಇವತ್ತಿನವರೆಗೂ ಬಿಟ್ಟಿರಲಿಲ್ಲ. ಅಕ್ಕನ ಮದುವೆಯಾದಾಗಲೂ ಜೊತೆಗೇ ಬಂದಿದ್ದಳು.

"ವರದಕ್ಷಿಣೆ ಬೇಡ ಅಂದೆ. ಅದಕ್ಕೆ ನಾದಿನೀನ ಕೊಟ್ಟು ಕಳಿಸಿದ್ರು," ಎಂದು ಭಾವ ಈಗಲೂ ರೇಗಿಸುತ್ತಿದ್ದರು.

"ಹೋಗ್ಲಾ, ಬೇಡ್ವಾ? ನೀನೇ ಹೇಳು ಅಕ್ಕಾ," ಎಂದು ಅವಳು ದಿನಕ್ಕೆ ಹತ್ತು ಸಲ ಕೇಳುತ್ತಿದ್ದಳು.

"ನಂಗೇನೇ ಗೊತ್ತು? ಕೆಲಸ ನಿಂದು, ಜೀವ ನಿಂದು," ಎಂದು ಅಕ್ಕ ಪಾತ್ರೆಗಳನ್ನು ಜೋರಾಗಿ ಕುಕ್ಕುತ್ತಿದ್ದಳು. ಅಕ್ಕನಿಗೆ ಸಂಕಟವಾದಾಗಲೆಲ್ಲ ಪಾತ್ರೆಗಳು ಹೀಗೇ ಪೆಟ್ಟು ತಿನ್ನುತ್ತಿದ್ದವು.

ದಿನವಿಡೀ ಕತ್ತಲೆ ಕೋಣೆಯಲ್ಲಿ ನಿಂತು, ಒಂದರ ಮೇಲೊಂದು ಲೆನ್ಸು ಬದಲಾಯಿಸುತ್ತಾ, "ಇದು ಚೆನ್ನಾಗಿ ಕಾಣುತ್ತಾ? ಇದಾ? ಮೊದಲನೇದಾ, ಎರಡನೇದಾ?" ಎಂದು ಕೇಳುವುದೇ ಅವಳ ಕೆಲಸ. ಎಲ್ಲರೂ ಎಷ್ಟು ಸಲೀಸಾಗಿ ಉತ್ತರ ಹೇಳಿಬಿಡುತ್ತಿದ್ದರು! ಅವಳಿಗೊಬ್ಬಳಿಗೇ ಮೊದಲನೆಯದೂ ಮಸುಕು, ಎರಡನೆಯದೂ ಮಸುಕು.

*

ದಿನಾ ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ಕ್ಲಾಸು. ಮೇಷ್ಟ್ರಿಗೆ ತನ್ನೂರಿನ ರಸ್ತೆ ಗುಂಡಿಗಳೆಲ್ಲ ನೆಂಟರ ಹಾಗೆ ಪರಿಚಯ.

"ಬಲಕ್ಕೆ ತಗೊಳ್ಳಿ, ಮುಂದೆ ದೊಡ್ಡಣ್ಣ ಬರ್ತಾನೆ. ಆಮೇಲೆ ಅವನ ಇಬ್ಬರು ಹೆಂಡ್ತಿಯರು."

ಅವಳು ಭಯದ ನಡುವೆಯೂ ನಕ್ಕುಬಿಡುತ್ತಿದ್ದಳು. ಅವನು ಒಮ್ಮೆಯೂ ರೇಗುತ್ತಿರಲಿಲ್ಲ. ಅವಳು ಗೇರು ತಪ್ಪಿಸಿದರೆ, "ಪರವಾಗಿಲ್ಲ, ಕಾರಿಗೆ ಬೇಜಾರಿಲ್ಲ," ಅನ್ನುತ್ತಿದ್ದ. ಅವಳು ಎಂಜಿನ್ ಆಫ್ ಮಾಡಿಕೊಂಡು ಹಿಂದಿನ ಗಾಡಿಗಳೆಲ್ಲ ಕಿರುಚಾಡಿದರೆ, ಕಿಟಕಿಯಿಂದ ತಲೆ ಹೊರಹಾಕಿ, "ಸ್ವಾಮಿ, ನೀವು ಹೊಟ್ಟೇಲಿದ್ದಾಗಲೇ ಕಲಿತ್ಕೊಂಡು ಬಂದ್ರಾ?" ಎಂದು ಕೇಳುತ್ತಿದ್ದ.

ಕ್ಲಾಸು ಮುಗಿದು ಇಳಿಯುವಾಗ ಅವಳಿಗೆ ಯಾಕೋ ಬೇಸರವಾಗತೊಡಗಿತು. ರಾತ್ರಿ ಮಲಗಿದಾಗ ಕಿವಿಯಲ್ಲಿ ಅದೇ ಧ್ವನಿ... 'ನಾನಿರೋವಾಗ ನಿಮಗೆ ಏನೂ ಆಗಲ್ಲ.' ಎದೆ ಡವಡವ ಅನ್ನುತ್ತಿತ್ತು. ಇದು ಭಯವೋ, ಬೇರೆ ಇನ್ನೇನೋ? ಭಯಕ್ಕೆ ಒಗ್ಗಿಹೋಗಿದ್ದ ಎದೆಗೆ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ.

ಒಮ್ಮೆ ಸೇತುವೆಯ ಹತ್ತಿರ ಕಾರು ನಿಲ್ಲಿಸಿ ಅವನು ಕೇಳಿದ, "ಲೈಸೆನ್ಸ್ ಸಿಕ್ಕಿದ ತಕ್ಷಣ ಹೋಗ್ತೀರಾ?"

"ಗೊತ್ತಿಲ್ಲ. ನೀವೇನಂತೀರಿ?"

"ನಾನಾ?" ಅವನು ಎದುರಿನ ಗಾಜನ್ನು ಸುಮ್ಮನೆ ಒರೆಸಿದ. ಅದು ಶುಭ್ರವಾಗಿಯೇ ಇತ್ತು. "ನಾನು ಈ ಊರು ಬಿಟ್ಟು ಎಲ್ಲೂ ಹೋದವನಲ್ಲ. ನನ್ನ ಕೇಳಿದ್ರೆ ಏನು ಹೇಳಲಿ? ನಡೀರಿ, ರಿವರ್ಸ್ ತಗೊಳ್ಳಿ."

'ಹೋಗಬೇಡಿ ಅನ್ನಬಾರದಾ ಈ ಮನುಷ್ಯ!' ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ಅವಳಿಗೇ ಹೆದರಿಕೆಯಾಯಿತು.

ಡ್ರೈವಿಂಗ್ ಸ್ಕೂಲಿನ ಯಜಮಾನಿಯನ್ನು ಎಲ್ಲರೂ ಆಂಟಿ ಎಂದೇ ಕರೆಯುತ್ತಿದ್ದರು. ಆಂಟಿ ಅವನನ್ನು ಕಂಡಾಗಲೆಲ್ಲ ಒಂದೇ ರಾಗ. "ಏಯ್, ನಿನ್ನ ಲೈಸೆನ್ಸಿಗೆ ಬೇಕಾದ ಕಣ್ಣಿನ ಸರ್ಟಿಫಿಕೇಟು ಮುಗೀತು ಕಣೋ. ಊರಿಗೆಲ್ಲ ಪಾಠ ಹೇಳ್ತೀಯ, ನೀನು ಮಾತ್ರ ಹೋಗಿ ತೋರಿಸ್ಕೊಳ್ಳಲ್ಲ. ಕಣ್ಣಿನೋಳು ಪಕ್ಕದಲ್ಲೇ ಕೂತಿರ್ತಾಳಲ್ಲೋ ದಿನಾ!"

"ಹೋಗ್ತೀನಿ ಆಂಟಿ, ಹೋಗ್ತೀನಿ," ಎನ್ನುತ್ತಾ ಅವನು ಜಾರಿಕೊಳ್ಳುತ್ತಿದ್ದ. ಅವನ ಕಿವಿ ಮಾತ್ರ ಕೆಂಪಾಗುತ್ತಿತ್ತು.

*

ಟೆಸ್ಟಿನ ದಿನ ಬಂತು. ಅವಳು ತಿಂಡಿ ಮುಟ್ಟಲಿಲ್ಲ. ಭಾವ ಬಾಗಿಲಲ್ಲಿ ನಿಂತು, "ಬರೋವಾಗ ನಾಲ್ಕೂ ಚಕ್ರ ತಗೊಂಡ್ ಬಾರಮ್ಮ," ಎಂದರೂ ನಗಲಿಲ್ಲ.

ಹಿಂದಿನ ಸೀಟಿನಲ್ಲಿ ಇನ್‌ಸ್ಪೆಕ್ಟರ್. ಪಕ್ಕದಲ್ಲಿ ಮೇಷ್ಟ್ರು. ಟೆಸ್ಟಿನಲ್ಲಿ ಮೇಷ್ಟ್ರು ಬಾಯಿ ತೆರೆಯುವ ಹಾಗಿಲ್ಲ. ಆದರೇನು, ಅವನ ಕಾಲ ಬುಡದಲ್ಲಿ ಎರಡನೇ ಬ್ರೇಕು ಇದೆಯಲ್ಲ... ಆ ಒಂದು ಧೈರ್ಯದಲ್ಲೇ ಅವಳು ಕಾರು ಎತ್ತಿದಳು.

ಆಶ್ಚರ್ಯ! ಎಲ್ಲವೂ ಸರಿಯಾಗಿ ಆಯಿತು. ತಿರುವು, ಏರು, ರಿವರ್ಸು... ಎಲ್ಲ! ಕೊನೆಗೆ ಉಳಿದಿದ್ದು ಸೇತುವೆಯ ಹತ್ತಿರ ಸಣ್ಣ ರಸ್ತೆಯಿಂದ ದೊಡ್ಡ ರಸ್ತೆಗೆ ಸೇರಿಕೊಳ್ಳುವುದು. ಅವಳು ಕನ್ನಡಿ ನೋಡಿದಳು. ರಸ್ತೆ ಖಾಲಿ. ಹಿಂದೆ ದೂರದಲ್ಲಿ ಒಂದು ಬಸ್ಸು ಮಾತ್ರ. ಇದು ದಾಟಿದರೆ ಲೈಸೆನ್ಸು. ಲೈಸೆನ್ಸು ಸಿಕ್ಕರೆ ಆ ಊರು. ಆ ಜನಜಂಗುಳಿ, ಆ ಕಾಲುಗಳು, ಅಕ್ಕ ಇಲ್ಲದ ಮನೆ, ಇವನಿಲ್ಲದ ಬೆಳಗು...

ದೊಡ್ಡ ರಸ್ತೆಯ ನಡುವಿಗೆ ಬಂದ ಕಾರು ದಡಕ್ಕನೆ ನಿಂತುಬಿಟ್ಟಿತು!

ಇನ್‌ಸ್ಪೆಕ್ಟರರ ಹಣೆ ಮುಂದಿನ ಸೀಟಿಗೆ ಬಡಿಯಿತು. ಹಿಂದಿನ ಬಸ್ಸು ಕಿರುಚುತ್ತಾ ಬಂದು ಕೂದಲೆಳೆಯಲ್ಲಿ ತಪ್ಪಿಸಿಕೊಂಡು ಹೋಯಿತು.

"ಏನ್ರೀ, ಸಾಯಿಸ್ತೀರಾ? ಖಾಲಿ ರಸ್ತೇಲಿ ಯಾರಾದ್ರೂ ನಿಲ್ಲಿಸ್ತಾರಾ?" ಎಂದು ಇನ್‌ಸ್ಪೆಕ್ಟರ್ ಹಣೆ ಉಜ್ಜಿಕೊಂಡರು. "ಫೇಲು. ಮುಂದಿನ ವಾರ ಬನ್ನಿ."

ಅವಳಿಗೆ ಏನೂ ಅರ್ಥವಾಗಲಿಲ್ಲ. ತಾನು ನಿಲ್ಲಿಸಲಿಲ್ಲ! ನಿಲ್ಲಿಸಬೇಕೆಂದು ಅಂದುಕೊಳ್ಳಲೂ ಇಲ್ಲ. ಮತ್ತೆ?

ಮೆಲ್ಲಗೆ ಪಕ್ಕಕ್ಕೆ ತಿರುಗಿದಳು. ಮೇಷ್ಟ್ರು ಅವಳನ್ನು ನೋಡದೆ ನೇರ ಮುಂದಕ್ಕೆ ನೋಡುತ್ತಿದ್ದ. ಅವನ ಮುಖ ಬಿಳುಚಿಕೊಂಡಿತ್ತು.

ಸ್ಕೂಲಿನ ಅಂಗಳಕ್ಕೆ ಬಂದು ಇಳಿದ ಕೂಡಲೇ ಅವಳು ಅವನೆದುರು ನಿಂತಳು.

"ಯಾಕೆ ಒತ್ತಿದ್ರಿ?"

"ಏನು?"

"ನಾಟಕ ಬೇಡ! ಬ್ರೇಕು! ರಸ್ತೆ ಖಾಲಿ ಇತ್ತು. ನಾನು ಸರಿಯಾಗೇ ಹೋಗ್ತಿದ್ದೆ. ನೀವು ಯಾಕೆ ಒತ್ತಿದ್ರಿ?"

ಅವನು ಕಾರಿನ ಬಾಗಿಲು ತೆರೆದ. ಮತ್ತೆ ಮುಚ್ಚಿದ.

"ನಾನು ಹೋಗಬಾರದು ಅಂತ ತಾನೇ?" ಅವಳ ಕಣ್ಣಲ್ಲಿ ನೀರು ತುಂಬಿಕೊಂಡಿತು. "ಬಾಯಿ ಬಿಟ್ಟು ಹೇಳಿದ್ರೆ ಆಗ್ತಿತ್ತಲ್ಲ! ನಾನೆಷ್ಟು ನಂಬಿದ್ದೆ ನಿಮ್ಮನ್ನ... ಈ ಪ್ರಪಂಚದಲ್ಲಿ ನನಗೆ ಭಯ ಆಗದೇ ಇದ್ದ ಜಾಗ ಅಂದ್ರೆ ಆ ಕಾರೊಂದೇ ಆಗಿತ್ತು. ಹೇಳಿ, ನೀವೇ ತಾನೇ ಒತ್ತಿದ್ದು? ಇಲ್ಲ ಅಂದ್ರೆ... ಇಲ್ಲ ಅಂದ್ರೆ ನನಗೆ ಹುಚ್ಚೇ ಹಿಡಿದಿದೆ ಅಂತ ಅರ್ಥ!"

ಅವನು ಅವಳ ನಡುಗುವ ಕೈಗಳನ್ನು ಬಹಳ ಹೊತ್ತು ನೋಡಿದ.

"ಹೌದು," ಎಂದ ಕೊನೆಗೆ. "ನಾನೇ ಒತ್ತಿದ್ದು. ನಿಮ್ಮ ತಪ್ಪಿಲ್ಲ. ನೀವು ಚೆನ್ನಾಗೇ ಓಡಿಸಿದ್ರಿ."

ಅವಳು ಅಳುತ್ತಾ ಮನೆಯ ಕಡೆ ನಡೆದಳು.

*

ಆ ವಾರ ಅವಳಿಗೆ ನರಕ. ಸಿಟ್ಟು ಒಂದು ಕಡೆ, ಅವನಿಲ್ಲದ ಬೆಳಗು ಇನ್ನೊಂದು ಕಡೆ. 'ನನ್ನ ಬಿಟ್ಟಿರಲಾರದೆ ಹಾಗೆ ಮಾಡಿದನೇನೋ' ಎಂದು ಒಂದು ಕ್ಷಣ ಹಿತವಾಗುತ್ತಿತ್ತು. ಮರುಕ್ಷಣವೇ, 'ಹಾಗಾದರೆ ನನ್ನ ಬದುಕನ್ನು ನಿಲ್ಲಿಸಲು ಅವನ್ಯಾರು?' ಎಂದು ಮೈ ಉರಿಯುತ್ತಿತ್ತು.

"ನಿಜವಾಗ್ಲೂ ಅವರು ಒತ್ತಿದ್ದು ನೀನು ನೋಡಿದ್ಯಾ?" ಎಂದು ಕೇಳಿದಳು ಅಕ್ಕ, ತಲೆಗೆ ಎಣ್ಣೆ ಹಚ್ಚುತ್ತಾ.

"ನೋಡೋದೇನು? ಇನ್ಯಾರು ಒತ್ತಿರ್ತಾರೆ? ಅವರೇ ಒಪ್ಕೊಂಡ್ರಲ್ಲ!"

ಅಕ್ಕನ ಕೈ ನಿಂತಿತು. "ಹೋಗಲಿ ಬಿಡು. ಆ ಕೆಲಸ ಬೇಡ ಅಂದುಬಿಡು. ಇಲ್ಲೇ ಇರು, ನನ್ನ ಕಣ್ಣೆದುರಿಗೆ." ಹಾಗೆಂದವಳೇ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಥೂ, ನನ್ನ ಬಾಯಿಗಿಷ್ಟು! ನನ್ನ ಭಯಾನ ನಿನ್ನ ತಲೆಗೆ ಸವರ್ತಿದೀನಿ ನೋಡು. ಹೋಗು ಕಣೇ. ಇನ್ನೊಂದು ಸಲ ಟೆಸ್ಟ್ ಕೊಡು."

ಎರಡನೇ ಟೆಸ್ಟಿಗೆ ಅವಳೇ ಹಟ ಹಿಡಿದು ಮೇಷ್ಟ್ರು ಬೇಡ ಎಂದಿದ್ದಳು. ಪಕ್ಕದಲ್ಲಿ ಆಂಟಿಯೇ ಕೂರುವುದು ಎಂದಾಯಿತು. ಅದೇ ದಿನ ಸಂಜೆಯೊಳಗೆ ಆಸ್ಪತ್ರೆಯ ಮೇಡಂಗೆ ಉತ್ತರವನ್ನೂ ಹೇಳಬೇಕಿತ್ತು.

ಅವಳು ಬೇಗನೇ ಹೋದಳು. ಅಂಗಳದಲ್ಲಿ ಕಾರಿನ ಬಾಗಿಲು ತೆರೆದಿತ್ತು. ಆಂಟಿ ತಮ್ಮ ದೊಡ್ಡ ದೇಹವನ್ನು ಅರ್ಧ ಒಳಗೆ ತೂರಿಸಿ, ಮೇಷ್ಟ್ರು ಕೂರುವ ಸೀಟಿನ ಕೆಳಗೆ ಏನನ್ನೋ ಕೀಳುತ್ತಿದ್ದರು.

"ಏನು ಮಾಡ್ತಿದೀರಾ ಆಂಟಿ?"

"ಪಿನ್ನು ತೆಗೀತಿದೀನಿ ಕಣಮ್ಮ. ಟೆಸ್ಟಿನ ದಿನ ಈ ಕಡೆ ಬ್ರೇಕು ಕೆಲಸ ಮಾಡಬಾರದು, ಅದು ರೂಲು. ಇಲ್ದಿದ್ರೆ ಮೇಷ್ಟ್ರುಗಳೇ ಓಡಿಸಿ ಪಾಸು ಮಾಡಿಸಿಬಿಡಲ್ವಾ?" ಉಸ್ಸಪ್ಪಾ ಎನ್ನುತ್ತಾ ಆಂಟಿ ಎದ್ದು, ಕೈಯಲ್ಲಿದ್ದ ಸಣ್ಣ ಕಬ್ಬಿಣದ ಪಿನ್ನನ್ನು ತೋರಿಸಿದರು. "ಇದು ಹೊರಗೆ ಬಂತು ಅಂದ್ರೆ ಆ ಬ್ರೇಕು ಸತ್ತ ಹಾಗೆ. ಎಷ್ಟು ತುಳಿದ್ರೂ ಗಾಳೀನೇ."

ಅವಳು ಆ ಪಿನ್ನನ್ನೇ ನೋಡಿದಳು.

"ಹೋದ... ಹೋದ ಸಲ?"

"ಹೋದ ಸಲಾನೂ ನಾನೇ ತೆಗೆದಿದ್ದು. ಅವನ ಎದುರಿಗೇ. ಯಾಕಮ್ಮ? ಏ, ಕೂತ್ಕೋ ಕೂತ್ಕೋ... ನೀರು ಬೇಕಾ?"

ಅವಳು ಕಾರಿಗೆ ಒರಗಿ ನಿಂತಳು. ಹಾಗಾದರೆ ಆ ದಿನ ಎರಡನೇ ಬ್ರೇಕು ಇರಲೇ ಇಲ್ಲ! ಕಾರಿನಲ್ಲಿದ್ದಿದ್ದು ಒಂದೇ ಬ್ರೇಕು. ಅದರ ಮೇಲಿದ್ದಿದ್ದು ಒಂದೇ ಕಾಲು.

ತನ್ನದು.

ತನ್ನ ಕಾಲೇ! ತನಗೇ ಗೊತ್ತಿಲ್ಲದ ಹಾಗೆ! ಖಾಲಿ ರಸ್ತೆಯಲ್ಲಿ ತನ್ನ ಭಯವೇ ಕಾರು ನಿಲ್ಲಿಸಿತ್ತು. ಊರೋರ ಕಣ್ಣಿನ ದೋಷವೆಲ್ಲ ಕಂಡುಹಿಡಿಯುವವಳಿಗೆ ತನ್ನ ಕಾಲೇ ಕಾಣಿಸಿರಲಿಲ್ಲ.

ಮತ್ತೆ ಅವನು... ಅವನಿಗೆ ಗೊತ್ತಿತ್ತು. ಎಲ್ಲ ಗೊತ್ತಿದ್ದೂ 'ನಾನೇ ಒತ್ತಿದ್ದು' ಎಂದ. ಯಾಕೆ?

ಕೇಳಲು ಅವನು ಅಲ್ಲಿರಲಿಲ್ಲ. ಇನ್‌ಸ್ಪೆಕ್ಟರ್ ಬಂದು ಹಿಂದೆ ಕೂತರು, ಮುಂದಿನ ಸೀಟನ್ನು ಒಮ್ಮೆ ಮುಟ್ಟಿ ನೋಡಿಕೊಂಡರು.

ಅವಳು ಅಷ್ಟು ಹೆದರಿದ್ದು ಜೀವನದಲ್ಲೇ ಇಲ್ಲ. ಹಿಂದೆ ಲಾರಿಗೆ ಹೆದರಿದ್ದಳು, ಊರಿಗೆ ಹೆದರಿದ್ದಳು. ಇವತ್ತು ತನ್ನ ಕಾಲಿಗೇ ಹೆದರಿದಳು. ಮತ್ತೆ ಒತ್ತಿಬಿಟ್ಟರೆ? ಹಿಂದೆ ಬಸ್ಸಿದ್ದರೆ? ಕಾಪಾಡಲು ಪಕ್ಕದಲ್ಲಿ ಏನೂ ಇಲ್ಲ, ಯಾರೂ ಇಲ್ಲ. ಎಲ್ಲ ತನ್ನ ಕೈಯಲ್ಲೇ... ಅಲ್ಲ, ಕಾಲಲ್ಲೇ!

ಸೇತುವೆ ಬಂತು.

ಕನ್ನಡಿ ನೋಡಿದಳು. ರಸ್ತೆ ಖಾಲಿ. ದೊಡ್ಡ ರಸ್ತೆಗೆ ತಿರುಗಿಸಿದಳು. ಮತ್ತೆ ಅದೇ ಜಾಗ... ಮತ್ತೆ ಅದೇ ಕಾಲು ಮೆಲ್ಲಗೆ ಬ್ರೇಕಿನ ಕಡೆ ಜರುಗುತ್ತಿರುವುದು ಈ ಸಲ ಅವಳಿಗೆ ತಿಳಿಯಿತು!

'ಗೊತ್ತಾಯ್ತು ನೀನು ಅಂತ,' ಎಂದಳು ಮನಸ್ಸಿನಲ್ಲೇ. 'ಹೆದರ್ಕೋ. ಎಷ್ಟು ಬೇಕಾದ್ರೂ ಹೆದರ್ಕೋ. ಆದ್ರೆ ಒತ್ತಬೇಡ.'

ಕಾಲು ನಡುಗಿತು, ಒತ್ತಲಿಲ್ಲ. ಕಾರು ನಿಲ್ಲದೆ ದೊಡ್ಡ ರಸ್ತೆಗೆ ಸೇರಿಕೊಂಡಿತು.

"ಪಾಸು," ಎಂದರು ಹಿಂದಿನಿಂದ ಇನ್‌ಸ್ಪೆಕ್ಟರ್, ಕೈ ಹಣೆಯ ಮೇಲೇ ಇಟ್ಟುಕೊಂಡು.

ಆಂಟಿ ಸಂತೋಷಕ್ಕೆ ಅವಳ ತೊಡೆಗೆ ಬಾರಿಸಿದರು. ಅವಳಿಗೆ ಅಳು ಬರುತ್ತಿತ್ತು. "ಆಂಟಿ, ಒಂದು ಉಪಕಾರ ಮಾಡ್ತೀರಾ? ಅವರ ಕಣ್ಣಿನ ಸರ್ಟಿಫಿಕೇಟು ಬಾಕಿ ಇದೆಯಲ್ಲ... ಇವತ್ತೇ ಕಳಿಸಿ. ಬರದಿದ್ರೆ ಕಾರಿನ ಕೀ ಕೊಡಲ್ಲ ಅನ್ನಿ."

*

ಮಧ್ಯಾಹ್ನ ಅವನು ಬಂದ. ಕಳ್ಳನ ಹಾಗೆ ಬಾಗಿಲಲ್ಲೇ ನಿಂತ.

"ಬೇರೆ ಯಾರಾದ್ರೂ ಇದ್ರೆ..."

"ಇಲ್ಲಿ ನಾನೊಬ್ಬಳೇ ಇರೋದು. ಕೂತ್ಕೊಳ್ಳಿ."

ಅವಳು ಕೋಣೆಯ ದೀಪ ಆರಿಸಿದಳು. ಎದುರಿನ ಗೋಡೆಯಲ್ಲಿ ಅಕ್ಷರಗಳ ಸಾಲು ಮಾತ್ರ ಬೆಳಗುತ್ತಿತ್ತು. ಪರೀಕ್ಷೆಯ ಭಾರದ ಕನ್ನಡಕವನ್ನು ಅವನ ಮೂಗಿನ ಮೇಲೆ ಕೂರಿಸಿದಳು. ದುಂಡನೆಯ ಆ ಚೌಕಟ್ಟಿನಲ್ಲಿ ಅವನು ಗೂಬೆಯ ಹಾಗೆ ಕಾಣುತ್ತಿದ್ದ. ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದಳು. ಇವತ್ತು ನೇರ ಲೆನ್ಸಿನ ಪೆಟ್ಟಿಗೆ ತೆರೆದಳು.

ಒಂದು ಲೆನ್ಸು ಹಾಕಿದಳು. "ಇದು ಚೆನ್ನಾಗಿ ಕಾಣುತ್ತಾ?" ತೆಗೆದು ಇನ್ನೊಂದು ಹಾಕಿದಳು. "ಇದಾ?"

"ಎರಡನೇದು."

"ಪಾಸಾದೆ ನಾನು."

"ಆಂಟಿ ಹೇಳಿದ್ರು," ಎಂದ ಅವನು. ಧ್ವನಿಯಲ್ಲಿ ಸಂತೋಷವಿತ್ತು. ಆಮೇಲೆ ಆ ಸಂತೋಷ ಎಲ್ಲೋ ಜಾರಿಹೋಯಿತು.

ಅವಳು ಮತ್ತೊಂದು ಲೆನ್ಸು ಹಾಕಿದಳು. "ಆ ದಿನ ಬ್ರೇಕು ಒತ್ತಿದ್ದು ನೀವಾ?" ಅದನ್ನು ತೆಗೆದಳು. "ನಾನಾ?"

ಅವನು ಎದ್ದೇಳಲು ನೋಡಿದ. ಅವಳ ಕೈ ಅವನ ಭುಜದ ಮೇಲಿತ್ತು.

"ಪಿನ್ನು ನೋಡಿದೆ ನಾನು. ಈಗ ಸುಳ್ಳು ಹೇಳಬೇಡಿ. ಮೊದಲನೇದಾ, ಎರಡನೇದಾ?"

ಅವನು ಗೋಡೆಯ ಅಕ್ಷರಗಳ ಕಡೆ ನೋಡಿದ.

"...ನೀವು," ಎಂದ ಅವನು ಮೆಲ್ಲಗೆ.

"ಮತ್ಯಾಕೆ ಒಪ್ಕೊಂಡ್ರಿ? ನಾನು ಬಾಯಿಗೆ ಬಂದ ಹಾಗೆ ಬೈದೆನಲ್ಲ!"

"ನಿಮ್ಮ ಕೈ ನಡುಗ್ತಿತ್ತು. ನಿಮ್ಮ ಕಾಲೇ ಒತ್ತಿದ್ದು ಅಂದಿದ್ರೆ ನೀವು ಮತ್ತೆ ಸ್ಟೀರಿಂಗ್ ಮುಟ್ತಿರಲಿಲ್ಲ. ನನ್ನ ಮೇಲೆ ಸಿಟ್ಟಿದ್ರೆ ಪರವಾಗಿಲ್ಲ, ನಿಮ್ಮ ಮೇಲೆ ನಿಮಗೆ ಭಯ ಬರಬಾರದು ಅಂತ..."

"ಅಷ್ಟೇನಾ?"

ಅವನು ಮೂಗಿನ ಮೇಲಿನ ಗೂಬೆ ಕನ್ನಡಕ ಸರಿಮಾಡಿಕೊಂಡ.

"ಅಷ್ಟೇನಾ?"

"ಅಲ್ಲ," ಎಂದ ಅವನು. "ಕಾರು ನಿಂತಾಗ... ನೀವು ಫೇಲಾದಾಗ... ನನಗೆ ಖುಷಿಯಾಯ್ತು. ಒಂದೇ ಒಂದು ಕ್ಷಣ. ಇನ್ನು ಇವರು ಹೋಗಲ್ಲ ಅಂತ. ಹಿಂದೆ ಬಸ್ಸು ಬರ್ತಿದೆ, ನಾನು ಖುಷಿ ಪಡ್ತಿದೀನಿ! ಎಂಥಾ ಮೇಷ್ಟ್ರು ನಾನು? ಆ ನಾಚಿಕೆಗೆ ತಪ್ಪು ನಂದೇ ಅಂತ ಒಪ್ಕೊಂಡೆ. ಕಾಲು ನಿಮ್ಮದಿರಬಹುದು. ಮನಸ್ಸಲ್ಲಿ ಒತ್ತಿದ್ದು ನಾನೇ."

ಅವಳ ಕಣ್ಣಿಂದ ನೀರು ಇಳಿಯಿತು. ಎಷ್ಟು ದಿನದಿಂದ ಕೇಳಬೇಕೆಂದಿದ್ದ ಮಾತು! ಕತ್ತಲೆಯಲ್ಲಿ ಅವನಿಗೆ ಕಾಣಿಸದಿರಲಿ ಎಂದು ಮುಖ ತಿರುಗಿಸಿಕೊಂಡಳು.

"ಹೋಗಬೇಡ ಅನ್ನಿ. ಒಂದೇ ಒಂದು ಸಲ ಅನ್ನಿ, ಇಲ್ಲೇ ಇದ್ದುಬಿಡ್ತೀನಿ," ಎಂದಳು. ಅವಳಿಗೆ ಅಷ್ಟು ಭಯವಿತ್ತು. ಯಾರಾದರೂ ನಿಲ್ಲಿಸಿದರೆ ಸಾಕಾಗಿತ್ತು.

"ಅನ್ನಲ್ಲ."

"ಯಾಕೆ?"

"ಅಂದ್ರೆ ನಿಂತುಬಿಡ್ತೀರಿ. ಆಮೇಲೆ ಪ್ರತಿ ಸಲ ಯಾವುದೋ ಮಗೂಗೆ ಕನ್ನಡಕ ಕೊಡುವಾಗ ಆ ವ್ಯಾನು ನೆನಪಾಗುತ್ತೆ. ನನ್ನ ಮುಖ ನೋಡಿದಾಗೆಲ್ಲ ನೆನಪಾಗುತ್ತೆ. ನನ್ನಿಂದ ಅದನ್ನ ನೋಡಕ್ಕಾಗಲ್ಲ."

"ಹಾಗಾದ್ರೆ ಹೋಗು ಅಂತಾದ್ರೂ ಅನ್ನಿ!"

"ಅದೂ ಬಾಯಿಗೆ ಬರ್ತಿಲ್ಲ ರೀ... ಎರಡು ವಾರದಿಂದ ಕನ್ನಡಿ ಮುಂದೆ ನಿಂತು ಹೇಳೋಕೆ ನೋಡ್ತಿದೀನಿ."

ಗೂಬೆ ಕನ್ನಡಕದ ಹಿಂದಿನಿಂದಲೂ ಅವನ ಕೆನ್ನೆಯ ಮೇಲೆ ಏನೋ ಹೊಳೆಯಿತು. ಅವಳು ಆ ಕನ್ನಡಕವನ್ನು ಮೆಲ್ಲಗೆ ತೆಗೆದಳು. ಎಲ್ಲರೂ ಅವಳಿಗಾಗಿ ಅಳುತ್ತಿದ್ದರು, ಅಕ್ಕ, ಇವನು... ಆದರೆ ಉತ್ತರ ಮಾತ್ರ ಯಾರ ಹತ್ತಿರವೂ ಇರಲಿಲ್ಲ. ಅದು ಅವಳದೇ ಆಗಿತ್ತು. ಸೇತುವೆಯ ಹತ್ತಿರ ಆ ಕಾಲನ್ನು ತಡೆದವಳೂ ಅವಳೇ ಅಲ್ಲವೇ?

ಅವನ ಎದುರಿಗೇ ಫೋನು ತೆಗೆದುಕೊಂಡಳು. ಆಸ್ಪತ್ರೆಯ ನಂಬರು ಒತ್ತಿದಳು.

"ಮೇಡಂ... ಬರ್ತೀನಿ ಮೇಡಂ. ಹೂಂ. ತುಂಬಾ ಭಯ ಇದೆ. ಆದ್ರೂ ಬರ್ತೀನಿ."

ಫೋನಿಟ್ಟು ದೀಪ ಹಾಕಿದಳು. ಅವನು ತಲೆ ತಗ್ಗಿಸಿ ಕೂತಿದ್ದ.

"ಅಲ್ಲ ಮೇಷ್ಟ್ರೇ," ಎಂದಳು ಕಣ್ಣೊರೆಸಿಕೊಳ್ಳುತ್ತಾ, "ಆ ಊರಲ್ಲಿ ಡ್ರೈವಿಂಗ್ ಕಲಿಯೋರು ಯಾರೂ ಇಲ್ವಂತಾ?"

ಅವನು ತಟ್ಟನೆ ತಲೆ ಎತ್ತಿದ.

"ಅಲ್ಲಿ... ಅಲ್ಲಿ ಒಂದು ಗುಂಡಿನೂ ನನಗೆ ಪರಿಚಯ ಇಲ್ಲವಲ್ಲ ರೀ," ಎಂದ ಕಂಗಾಲಾಗಿ.

"ನನಗೂ ಇಲ್ಲ. ಇಬ್ರೂ ಸೇರಿ ಪರಿಚಯ ಮಾಡ್ಕೊಳ್ಳೋಣ."

*

ಹೊರಡುವ ದಿನ ಭಾವ ತಮ್ಮ ಹಳೆಯ ಕಾರು ಕೊಟ್ಟರು. ಅಕ್ಕ ಡಬ್ಬಿಗಳ ಮೇಲೆ ಡಬ್ಬಿ ಇಟ್ಟಳು. "ಆಮೇಲೆ ಫೋನ್ ಮಾಡದೆ ಇರು, ಬಂದು ನಾಲ್ಕು ಬಾರಿಸ್ತೀನಿ," ಎಂದು ಬೈದು, ಒಳಗೆ ಹೋಗಿ ಒಂದು ಪಾತ್ರೆ ಕುಕ್ಕಿ, ಮತ್ತೆ ಹೊರಗೆ ಓಡಿಬಂದು ತಂಗಿಯನ್ನು ಅಪ್ಪಿಕೊಂಡಳು. ಅಪ್ಪಿಕೊಂಡವಳು ಬೇಗ ಬಿಡಲಿಲ್ಲ.

ಪಕ್ಕದ ಸೀಟಿನಲ್ಲಿ ಮೇಷ್ಟ್ರು. ಅಲ್ಲಿನ ಡ್ರೈವಿಂಗ್ ಸ್ಕೂಲೊಂದರಲ್ಲಿ ಕೆಲಸ ಕೇಳಿಕೊಂಡು, ಕಾರನ್ನು ಭಾವನಿಗೆ ವಾಪಸ್ ತಂದುಕೊಡುವುದು ಅವನ ಜವಾಬ್ದಾರಿ. ಆಂಟಿ ಬೈದುಕೊಂಡೇ ಆ ಸ್ಕೂಲಿನವರಿಗೆ ಅವನ ಬಗ್ಗೆ ಒಳ್ಳೆಯ ಮಾತು ಹೇಳಿ ಕಳಿಸಿದ್ದರು.

ಮಧ್ಯಾಹ್ನದ ಹೊತ್ತಿಗೆ ಆ ಊರು ಕಾಣಿಸಿತು. ರಸ್ತೆ ಅಗಲವಾಗುತ್ತಾ ಹೋಯಿತು. ಎಡಕ್ಕೂ ಗಾಡಿ, ಬಲಕ್ಕೂ ಗಾಡಿ. ಮುಂದೆ ಇನ್ನೂ ದೊಡ್ಡ ರಸ್ತೆಗೆ ಸೇರಿಕೊಳ್ಳುವ ತಿರುವು. ಅವಳು ಕಾರನ್ನು ನಿಧಾನ ಮಾಡಿ ಕನ್ನಡಿ ನೋಡಿದಳು. ಅಂಗೈ ಬೆವರಿತ್ತು.

ಓರೆಗಣ್ಣಿನಲ್ಲಿ ಏನೋ ಕಾಣಿಸಿತು. ಮೇಷ್ಟ್ರ ಕಾಲು ಕಾರಿನ ನೆಲವನ್ನು ಬಲವಾಗಿ ಒತ್ತುತ್ತಿತ್ತು.

"ಅಲ್ಲೇನೂ ಇಲ್ಲ ರೀ."

"ಗೊತ್ತು."

"ಮತ್ತೆ?"

"ಅಭ್ಯಾಸ..." ಎಂದವನು ತಡೆದ. "ಇಲ್ಲ, ಸುಳ್ಳು. ಭಯ ಆಗ್ತಿದೆ. ಬ್ರೇಕಿಲ್ಲದ ಕಡೆ ಕೂತು ಇಷ್ಟು ದೂರ ಬಂದವನಲ್ಲ ನಾನು."

"ನನಗೂ ಆಗ್ತಿದೆ. ಕೈ ನೋಡಿ."

"ಕಣ್ಣು?"

"ಬಿಟ್ಕೊಂಡೇ ಇದೀನಿ."

ಅವನು ಒಮ್ಮೆ ಉಸಿರು ಎಳೆದುಕೊಂಡ. ನೆಲದಿಂದ ಮೆಲ್ಲಗೆ ಕಾಲೆತ್ತಿ, ಸೀಟಿನ ಹತ್ತಿರಕ್ಕೆ ಎಳೆದುಕೊಂಡ.

"ಹೋಗು," ಎಂದ.

ಅವಳು ಅವನ ಕಡೆ ನೋಡುವಂತಿರಲಿಲ್ಲ, ರಸ್ತೆ ನೋಡಬೇಕಿತ್ತು. ಆದರೆ ಮುಖವೆಲ್ಲ ಕೆಂಪಾಯಿತು.

"ಏನಂದ್ರಿ?"

"ಹೋಗು ಅಂದೆ. ನಾನೂ ಜೊತೇಲೇ ಇದೀನಲ್ಲ ಕಣೇ."

ಅವಳು ಇಂಡಿಕೇಟರ್ ಹಾಕಿ ಸ್ಟೀರಿಂಗ್ ತಿರುಗಿಸಿದಳು.